ಹಾರ್ಮೋನ್‌ಗಿಂತ ಮೊದಲು ಕೇಳಬೇಕಾದ ಪ್ರಶ್ನೆ

ಕೇರಳ ಹೈಕೋರ್ಟ್ ಮುಂದೆ 2025ರಲ್ಲಿ ಒಂದು ಅರ್ಜಿ ಬಂತು. ಅರ್ಜಿದಾರರು ಟ್ರಾನ್ಸ್ ಪುರುಷ. ಅಂದರೆ ಹುಟ್ಟಿದಾಗ ಹೆಣ್ಣು ಎಂದು ದಾಖಲಾಗಿ, ಈಗ ಗಂಡಾಗಿ ಬದುಕುತ್ತಿರುವವರು. ಮುಂದಿನ ಹಂತದ ಚಿಕಿತ್ಸೆಗೆ ಹೋಗುವ ಮೊದಲು ತಮ್ಮ ಅಂಡಾಣುಗಳನ್ನು ಘನೀಕರಿಸಿ ಇಡಬೇಕು, ಮುಂದೊಂದು ದಿನ ತಮ್ಮದೇ ಮಗುವನ್ನು ಪಡೆಯುವ ದಾರಿ ತೆರೆದಿರಬೇಕು ಎಂಬುದಷ್ಟೇ ಅವರ ಕೋರಿಕೆಯಾಗಿತ್ತು. ಆಸ್ಪತ್ರೆ ಆಗದು ಎಂದಿತ್ತು. ಕೇಂದ್ರ ಸರ್ಕಾರವೂ ಕೋರ್ಟಿಗೆ ಹೇಳಿದ್ದು ಅದನ್ನೇ: 2021ರ ಕಾಯ್ದೆಯ ಪ್ರಕಾರ ಈ ಸೌಲಭ್ಯ ದಂಪತಿಗೆ ಮತ್ತು ಒಂಟಿ ಮಹಿಳೆಗೆ ಮಾತ್ರ, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಅದರೊಳಗೆ ಬರುವುದಿಲ್ಲ.

ಪತ್ರಿಕೆಯ ಒಳಪುಟದಲ್ಲಿ ಕಳೆದುಹೋಗಬಹುದಾದ ಸುದ್ದಿ ಇದು. ಆದರೆ ಇದು ಕೊಚ್ಚಿಯ ವಿಷಯವಷ್ಟೇ ಅಲ್ಲ, ನಮ್ಮ ಭಾಗದ ವಿಷಯವೂ ಹೌದು.

ನಮ್ಮೂರು ಕೊರ್ಲಹಳ್ಳಿ, ಮುಂಡರಗಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿದೆ. ಸೇತುವೆ ದಾಟಿದರೆ ಹಡಗಲಿ ಸೀಮೆ. ಇದೇ ಹೊಳೆಯ ಗುಂಟ ಕೆಳಗೆ ಹೋದರೆ ಹುಲಿಗೆಮ್ಮನ ಗುಡಿ. ಬಡಗಣ ದಿಕ್ಕಿಗೆ ಹೋದರೆ ಸವದತ್ತಿ ಎಲ್ಲಮ್ಮನ ಗುಡ್ಡ. ಹುಣ್ಣಿಮೆಗೆ ಪಡ್ಡಲಗಿ ಹೊತ್ತು, ಚೌಡಿಕೆ ನುಡಿಸುತ್ತ ಮನೆ ಮುಂದೆ ಬರುವ ಜೋಗಪ್ಪಗಳನ್ನು ನೋಡದೆ ಬೆಳೆದವರು ಇಲ್ಲಿ ಯಾರೂ ಇಲ್ಲ. ಸೀರೆ ಉಟ್ಟ, ಮುತ್ತು ಕಟ್ಟಿಸಿಕೊಂಡ ಆ ಜನರನ್ನು ನಮ್ಮ ಅಜ್ಜಿಯಂದಿರು ಕೈಮುಗಿದು ಬರಮಾಡಿಕೊಳ್ಳುತ್ತಾರೆ. ಇದೇ ಸೀಮೆಯ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಇವರಿಗೂ ಮಕ್ಕಳು ಬೇಕಿರಬಹುದೇ ಎಂಬ ಪ್ರಶ್ನೆ ಮಾತ್ರ ನಮ್ಮ ಕಟ್ಟೆಯ ಮೇಲೂ ಬರುವುದಿಲ್ಲ, ಆಸ್ಪತ್ರೆಯ ಕೋಣೆಯಲ್ಲೂ ಬರುವುದಿಲ್ಲ.

ನನ್ನ ಮುಂದೆ ಆ ಪ್ರಶ್ನೆ ಇಟ್ಟವಳು ಹೈಸ್ಕೂಲಿನ ಗೆಳತಿ. ಶಾಲೆಯಲ್ಲಿ ಹುಡುಗರ ಸಾಲಿನಲ್ಲಿ ಕೂರುತ್ತಿದ್ದಳು. ಈಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾಳೆ, ಹೆಣ್ಣಾಗಿ ಬದುಕುತ್ತಾಳೆ. ನಾನು ಕಾನೂನು ಓದುವವನು ಎಂಬ ಕಾರಣಕ್ಕೆ ಫೋನ್ ಮಾಡಿದ್ದಳು. ‘ಆ ಕೇರಳದ ಕೇಸಿನ್ಯಾಗ ಏನ್ ಐತಿ ನೋಡಿ ಹೇಳಪಾ. ಮುಂದಿನ ತಿಂಗಳದಿಂದ ಗುಳಿಗಿ ಶುರು ಮಾಡೂಣು ಅಂದಾರ ಡಾಕ್ಟ್ರು. ಮುಂದ ಮಕ್ಕಳ ಬೇಕೇನು ಅಂತ ಯಾರೂ ಕೇಳಿಲ್ಲ. ಕೇಳಿದ್ರ ಏನ್ ಹೇಳ್ತಿದ್ನೋ ಗೊತ್ತಿಲ್ಲ, ಆದ್ರ ಕೇಳಬೇಕಿತ್ತಲ್ಲ?’

ಈ ಲೇಖನ ಆ ಕಡೆಯ ಮಾತಿನ ಸುತ್ತಲೇ ಇದೆ.

ದೇಹದಲ್ಲಿ ಏನಾಗುತ್ತದೆ?

ಟ್ರಾನ್ಸ್ ಮಹಿಳೆಯರು ತೆಗೆದುಕೊಳ್ಳುವುದು ಈಸ್ಟ್ರೋಜನ್ ಮತ್ತು ಅದರ ಜೊತೆಗೆ ಟೆಸ್ಟೋಸ್ಟಿರೋನ್ ತಗ್ಗಿಸುವ ಔಷಧ. ಇದರಿಂದ ಚರ್ಮ ಮೆದುವಾಗುತ್ತದೆ, ಎದೆ ಬೆಳೆಯುತ್ತದೆ. ಜೊತೆಗೇ ವೀರ್ಯಾಣು ಉತ್ಪಾದನೆ ಕುಗ್ಗುತ್ತದೆ, ಹಲವರಲ್ಲಿ ನಿಂತೇ ಹೋಗುತ್ತದೆ. ಔಷಧ ನಿಲ್ಲಿಸಿದರೆ ಕೆಲವರಲ್ಲಿ ಮರಳಿ ಬರುತ್ತದೆ, ಕೆಲವರಲ್ಲಿ ಬರುವುದಿಲ್ಲ. ಯಾರಲ್ಲಿ ಬರುತ್ತದೆ ಎಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಷ್ಟು ಕಾಲ ಬೇಕು. ಹಾಗಾಗಿ ‘ಆಮೇಲೆ ಬೇಕಾದರೆ ಮಾತ್ರೆ ನಿಲ್ಲಿಸಿದರಾಯಿತು’ ಎನ್ನುವವರು ಹಲವು ತಿಂಗಳು ಕಾಯಬೇಕಾಗುತ್ತದೆ. ಬೇಡವೆಂದು ದೂರ ಮಾಡಿದ ಬದಲಾವಣೆಗಳು ಆ ತಿಂಗಳುಗಳಲ್ಲಿ ಮರಳಿ ಬರುತ್ತವೆ. ಇನ್ನು ವೃಷಣ ತೆಗೆಯುವ ಶಸ್ತ್ರಚಿಕಿತ್ಸೆಯಾದರೆ ಅಲ್ಲಿಗೆ ಮುಗಿಯಿತು.

ಟ್ರಾನ್ಸ್ ಪುರುಷರ ವಿಷಯ ಬೇರೆ. ಟೆಸ್ಟೋಸ್ಟಿರೋನ್ ಚುಚ್ಚುಮದ್ದಿನಿಂದ ಕೆಲವು ತಿಂಗಳಲ್ಲಿ ಮುಟ್ಟು ನಿಲ್ಲುತ್ತದೆ. ಆದರೆ ಅಂಡಾಶಯದಲ್ಲಿರುವ ಅಂಡಾಣುಗಳು ನಾಶವಾಗುವುದಿಲ್ಲ. ಚುಚ್ಚುಮದ್ದು ನಿಲ್ಲಿಸಿದ ಮೇಲೆ ಅಂಡಾಣು ತೆಗೆಸಿಕೊಂಡವರೂ ಬಸಿರಾಗಿ ಹೆತ್ತವರೂ ಇದ್ದಾರೆ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮುಟ್ಟು ನಿಂತಿದೆ ಎಂದ ಮಾತ್ರಕ್ಕೆ ಟೆಸ್ಟೋಸ್ಟಿರೋನ್ ಗರ್ಭನಿರೋಧಕವಾಗುವುದಿಲ್ಲ. ಅದನ್ನು ತೆಗೆದುಕೊಳ್ಳುತ್ತಿರುವಾಗಲೂ ಗರ್ಭ ನಿಲ್ಲಬಹುದು, ಮತ್ತು ಆ ಔಷಧ ಭ್ರೂಣಕ್ಕೆ ಹಾನಿ ಮಾಡುತ್ತದೆ. ಗರ್ಭಕೋಶ ತೆಗೆಸಿದರೆ ಹೊರುವ ದಾರಿ ಮುಚ್ಚುತ್ತದೆ. ಅಂಡಾಶಯವನ್ನೂ ತೆಗೆಸಿದರೆ ಅಂಡಾಣುವಿನ ದಾರಿಯೂ ಮುಚ್ಚುತ್ತದೆ. ಎರಡನ್ನೂ ಒಂದೇ ಸಲ ತೆಗೆಯಬೇಕೆ, ಒಂದನ್ನು ಉಳಿಸಿಕೊಳ್ಳಬಹುದೇ ಎಂಬುದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ನಿರ್ಧಾರವಾಗುವ ಮಾತಲ್ಲ, ಅದಕ್ಕಿಂತ ಎಷ್ಟೋ ಮುಂಚೆ ಕೂತು ಆಡಬೇಕಾದ ಮಾತು.

ಹಳ್ಳಿಗಳಿಂದ ಹೋದವರ ಸ್ಥಿತಿ ಇದಕ್ಕಿಂತ ಬಿಕ್ಕಟ್ಟಿನದು. ಡಾಕ್ಟರ ಬಾಗಿಲು ಮುಟ್ಟುವ ಮೊದಲೇ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಗರ್ಭನಿರೋಧಕ ಗುಳಿಗೆಗಳನ್ನು ಹಾರ್ಮೋನ್ ಎಂದು ನುಂಗುವ ಟ್ರಾನ್ಸ್ ಮಹಿಳೆಯರು ಎಷ್ಟೋ ಮಂದಿ. ಯಾರೋ ಹಿರಿಯರು ಹೇಳಿದ್ದು, ಯಾರೋ ಗೆಳತಿ ಕೊಟ್ಟಿದ್ದು. ಅಲ್ಲಿ ಸಮಾಲೋಚನೆಯ ಮಾತೇ ಇಲ್ಲ.

ದನದ ದವಾಖಾನೆಯಲ್ಲಿರುವ ತಂತ್ರಜ್ಞಾನ

ಉಳಿಸಿಕೊಳ್ಳುವ ದಾರಿಗಳು ಯಾವುವು? ಇದನ್ನು ಕೇಳಿದಾಗ ಅಮೆರಿಕದ ಮಾತು ಎನಿಸಬಹುದು. ಹಾಗೇನಿಲ್ಲ. ಆಕಳಿಗೆ ಇಂಜೆಕ್ಷನ್ ಮಾಡಿಸಲು ದನದ ದವಾಖಾನೆಗೆ ಹೋದವರೆಲ್ಲ ಈ ತಂತ್ರಜ್ಞಾನವನ್ನು ಕಣ್ಣಾರೆ ನೋಡಿದ್ದಾರೆ. ಮೂಲೆಯಲ್ಲಿ ಒಂದು ಅಲ್ಯುಮಿನಿಯಂ ಕ್ಯಾನು, ಮುಚ್ಚಳ ತೆಗೆದರೆ ಬಿಳಿ ಹೊಗೆ, ಒಳಗಿಂದ ಇಕ್ಕಳದಲ್ಲಿ ಎತ್ತುವ ತೆಳ್ಳನೆಯ ಕಡ್ಡಿ. ಅದು ದ್ರವ ಸಾರಜನಕ, ಶೂನ್ಯಕ್ಕಿಂತ 196 ಡಿಗ್ರಿ ಕೆಳಗೆ. ಆ ಕಡ್ಡಿಯೊಳಗಿನ ಹೋರಿಯ ವೀರ್ಯ ವರ್ಷಗಟ್ಟಲೆ ಕೆಡುವುದಿಲ್ಲ. ಬೆಂಗಳೂರಿನ ಹೆಸರಘಟ್ಟದಲ್ಲಿ ಇದಕ್ಕೆಂದೇ ಕೇಂದ್ರ ಸರ್ಕಾರದ ಸಂಸ್ಥೆಯೊಂದಿದೆ. ಮನುಷ್ಯರಲ್ಲಿ ಘನೀಕರಿಸಿದ ವೀರ್ಯದಿಂದ ಮಕ್ಕಳು ಹುಟ್ಟಿದ್ದು 1953ರಷ್ಟು ಹಿಂದೆ. ನಮ್ಮ ದೇಶದ ಮೊದಲ ಪ್ರನಾಳ ಶಿಶು, ‘ದುರ್ಗಾ’ ಎಂದೇ ಹೆಸರಾದ ಮಗು, 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಹುಟ್ಟಿದ್ದೇ ಘನೀಕರಿಸಿಟ್ಟ ಭ್ರೂಣದಿಂದ. ಅದನ್ನು ಸಾಧಿಸಿದ ಡಾ. ಸುಭಾಷ್ ಮುಖರ್ಜಿ ಅವರನ್ನು ಅಂದಿನ ವ್ಯವಸ್ಥೆ ನಂಬಲಿಲ್ಲ, ಅವಮಾನ ಮಾಡಿತು. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅವರು ಬಳಸಿದ ವಿಧಾನ ಇಂದು ದೊಡ್ಡ ಊರುಗಳ ಬಂಜೆತನ ನಿವಾರಣಾ ಆಸ್ಪತ್ರೆಗಳಲ್ಲಿ ದಿನನಿತ್ಯದ ಕೆಲಸ.

ಟ್ರಾನ್ಸ್ ಮಹಿಳೆಯರಿಗೆ ಇರುವ ಸುಲಭದ ದಾರಿ ವೀರ್ಯ ಶೇಖರಣೆ. ಹಾರ್ಮೋನ್ ಶುರುವಾಗುವ ಮೊದಲು ಒಂದೆರಡು ಸಲ ಮಾದರಿ ಕೊಟ್ಟರೆ ಸಾಕು. ಸೂಜಿ ಇಲ್ಲ, ಅರಿವಳಿಕೆ ಇಲ್ಲ. ಖರ್ಚು ಸಾವಿರಗಳಲ್ಲಿ, ಆಮೇಲೆ ವರ್ಷ ವರ್ಷ ಇಟ್ಟುಕೊಳ್ಳುವ ಬಾಡಿಗೆ. ಕೆಲವರಿಗೆ ಆ ಮಾದರಿ ಕೊಡುವುದೇ ಹಿಂಸೆ. ಯಾವ ದೇಹದಿಂದ ಬಿಡಿಸಿಕೊಳ್ಳಲು ಬಂದಿದ್ದಾರೋ ಅದನ್ನೇ ಬಳಸಬೇಕಲ್ಲ! ಅಂಥವರಿಗೆ ವೃಷಣದಿಂದ ನೇರವಾಗಿ ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆ ಇದೆ.

ಟ್ರಾನ್ಸ್ ಪುರುಷರ ದಾರಿ ಇನ್ನೂ ಕಷ್ಟದ್ದು. ಹತ್ತರಿಂದ ಹದಿನಾಲ್ಕು ದಿನ ಚುಚ್ಚುಮದ್ದು, ನಡುನಡುವೆ ಯೋನಿಯ ಮೂಲಕ ಸ್ಕ್ಯಾನ್, ಕಡೆಗೆ ಅರಿವಳಿಕೆ ಕೊಟ್ಟು ಸೂಜಿಯಿಂದ ಅಂಡಾಣು ತೆಗೆಯುವುದು. ಗಂಡಾಗಿ ಬದುಕುವವನಿಗೆ ಮೈಯಲ್ಲಿ ಈಸ್ಟ್ರೋಜನ್ ಏರುವುದು, ಸ್ತ್ರೀರೋಗ ವಿಭಾಗದ ಸಾಲಿನಲ್ಲಿ ಕೂರುವುದು ಎರಡೂ ಸಂಕಟ. ಈಸ್ಟ್ರೋಜನ್ ಹೆಚ್ಚು ಏರದಂತೆ ತಡೆಯುವ ಮಾತ್ರೆ ಇದೆ, ಹೊಟ್ಟೆಯ ಮೇಲಿಂದಲೇ ಸ್ಕ್ಯಾನ್ ಮಾಡುವುದೂ ಸಾಧ್ಯ. ಗೊತ್ತಿರುವ ಡಾಕ್ಟರು ಹೇಳಬೇಕಷ್ಟೇ. ಖರ್ಚು ಮಾತ್ರ ಲಕ್ಷದ ಲೆಕ್ಕದ್ದು. ಸಂಗಾತಿಯ ವೀರ್ಯದ ಜೊತೆ ಸೇರಿಸಿ ಭ್ರೂಣವಾಗಿ ಇಡಬಹುದು. ಅಂಡಾಶಯದ ತುಣುಕನ್ನೇ ಘನೀಕರಿಸುವ ವಿಧಾನವೂ ಇದೆ. ಅದು ಇನ್ನು ಪ್ರಯೋಗದ ಹಂತದ್ದಲ್ಲ ಎಂದು ಅಮೆರಿಕದ ವೈದ್ಯರ ಸಂಘ 2019ರಲ್ಲಿ ಹೇಳಿತು.

ಇವು ಯಾವುವೂ ಮಗುವಿನ ಖಾತ್ರಿ ಅಲ್ಲ. ಕರಗಿಸಿದಾಗ ಎಷ್ಟು ಉಳಿಯುತ್ತವೆ, ಎಷ್ಟು ಫಲಿಸುತ್ತವೆ ಎಂದು ಯಾರೂ ಬರೆದುಕೊಡುವುದಿಲ್ಲ. ಬಾಗಿಲು ಪೂರ್ತಿ ಮುಚ್ಚದಂತೆ ಇಟ್ಟ ಒಂದು ಕಲ್ಲು ಎನ್ನಬಹುದು.

ಒಂದು ಕಾಯ್ದೆ ಕೊಡುತ್ತದೆ, ಇನ್ನೊಂದು ತಡೆಯುತ್ತದೆ

ಈಗ ಕಾನೂನು. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ತಾನು ಯಾರು ಎಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದ್ದು ಎಂದಿತು. ಅದರ ಬೆನ್ನಿಗೆ 2019ರಲ್ಲಿ ಸಂಸತ್ತು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾಯ್ದೆ ಮಾಡಿತು. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಕಿನ್ನರ, ಹಿಜ್ರಾ, ಅರವಾಣಿಗಳ ಜೊತೆ ‘ಜೋಗ್ತಾ’ ಎಂಬ ಪದವೂ ಇದೆ. ನಮ್ಮ ಎಲ್ಲಮ್ಮನ ಜೋಗಪ್ಪಗಳ ಬಳಗ ದಿಲ್ಲಿಯ ಕಾಯ್ದೆಯೊಳಗೆ ಸೇರಿತು ಎಂದಾಯಿತು. ಈ ಕಾಯ್ದೆಯ 3ನೇ ಕಲಂ ಆರೋಗ್ಯ ಸೇವೆ ನಿರಾಕರಿಸುವುದನ್ನು ತಾರತಮ್ಯ ಎನ್ನುತ್ತದೆ. 15ನೇ ಕಲಂ ಹಾರ್ಮೋನ್ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ಅವುಗಳ ಮೊದಲು ಮತ್ತು ನಂತರದ ಸಮಾಲೋಚನೆಯನ್ನು ಸರ್ಕಾರದ ಹೊಣೆ ಮಾಡುತ್ತದೆ. ಟ್ರಾನ್ಸ್‌ಜೆಂಡರ್ ಆರೋಗ್ಯದ ಅಂತರರಾಷ್ಟ್ರೀಯ ವೃತ್ತಿಪರ ಸಂಘವಾದ ಡಬ್ಲ್ಯುಪಿಎಟಿಎಚ್‌ನ ಮಾರ್ಗಸೂಚಿಗೆ ತಕ್ಕಂತೆ ಕೈಪಿಡಿ ತರಬೇಕು ಎಂದೂ ಹೇಳುತ್ತದೆ. ಆ ಸಂಘದ 2022ರ ಮಾರ್ಗಸೂಚಿಯಲ್ಲಿ ಸಂತಾನದ ಕುರಿತೇ ಒಂದು ಅಧ್ಯಾಯವಿದೆ. ಚಿಕಿತ್ಸೆ ಶುರು ಮಾಡುವ ಮೊದಲೇ ಅದರಿಂದ ಸಂತಾನಶಕ್ತಿಯ ಮೇಲಾಗುವ ಪರಿಣಾಮವನ್ನೂ ಉಳಿಸಿಕೊಳ್ಳುವ ದಾರಿಗಳನ್ನೂ ತಿಳಿಸಬೇಕು ಎನ್ನುವುದು ಅದರ ಸಾರ. ಅಂದರೆ ನನ್ನ ಗೆಳತಿಗೆ ಯಾರೂ ಕೇಳದ ಪ್ರಶ್ನೆಯನ್ನು ಕೇಳಬೇಕೆಂಬ ಮಾತು ನಮ್ಮ ಕಾಯ್ದೆಯ ಮೂಲಕವೇ ಬಂದಿದೆ.

ಎರಡು ವರ್ಷದ ನಂತರ ಇದೇ ಸಂಸತ್ತು ಇನ್ನೆರಡು ಕಾಯ್ದೆ ಮಾಡಿತು. ಒಂದು ಎಆರ್‌ಟಿ ಕಾಯ್ದೆ. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಎಆರ್‌ಟಿ ಎಂದರೆ ಎಚ್‌ಐವಿ ಮಾತ್ರೆ ಕೊಡುವ ಕೇಂದ್ರ, ಇದು ಅದಲ್ಲ. ಪ್ರನಾಳ ಶಿಶು ಮುಂತಾದ ಸಂತಾನೋತ್ಪತ್ತಿ ನೆರವಿನ ತಂತ್ರಜ್ಞಾನವನ್ನು ನಿಯಂತ್ರಿಸುವ ಕಾಯ್ದೆ. ಇನ್ನೊಂದು ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆ. ಎರಡೂ 2022ರ ಜನವರಿ 25ರಿಂದ ಜಾರಿಗೆ ಬಂದವು. ದುಡ್ಡಿಗಾಗಿ ಬಡ ಹೆಣ್ಣುಮಕ್ಕಳ ಗರ್ಭ ಮಾರಾಟವಾಗುವುದನ್ನು ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಯಾರಿಗೆ ಸೌಲಭ್ಯ ಎಂದು ಹೇಳುವಾಗ ಎಆರ್‌ಟಿ ಕಾಯ್ದೆ ಹೆಸರಿಸಿದ್ದು ಮಕ್ಕಳಾಗದ ವಿವಾಹಿತ ದಂಪತಿ ಮತ್ತು 21 ವರ್ಷ ದಾಟಿದ ಮಹಿಳೆಯನ್ನು. ಬಾಡಿಗೆ ತಾಯ್ತನದ ಕಾಯ್ದೆ ಹೆಸರಿಸಿದ್ದು ದಂಪತಿಯನ್ನು ಮತ್ತು 35ರಿಂದ 45ರ ವಯಸ್ಸಿನ ವಿಧವೆ ಅಥವಾ ವಿಚ್ಛೇದಿತೆಯನ್ನು. 2019ರಲ್ಲಿ ಕಾನೂನು ಗುರುತಿಸಿದ ವ್ಯಕ್ತಿ 2021ರ ಕಾಯ್ದೆಗಳಲ್ಲಿ ಕಾಣುವುದೇ ಇಲ್ಲ.

ಇದರ ಪರಿಣಾಮವನ್ನು ಒಬ್ಬೊಬ್ಬರ ಮೇಲೆ ಇಟ್ಟು ನೋಡಬೇಕು. ಟ್ರಾನ್ಸ್ ಪುರುಷನೊಬ್ಬ ಕಾಗದದಲ್ಲಿ ಇನ್ನೂ ‘ಹೆಣ್ಣು’ ಎಂದಿದ್ದರೆ, ಒಂಟಿ ಮಹಿಳೆಯ ಲೆಕ್ಕದಲ್ಲಿ ಅಂಡಾಣು ಇಡಬಹುದು. ಗುರುತಿನ ಚೀಟಿ ಬದಲಿಸಿಕೊಂಡ ದಿನವೇ ಆ ಬಾಗಿಲು ಮುಚ್ಚುತ್ತದೆ. ಒಂದು ಹಕ್ಕನ್ನು ಬಳಸಿದ್ದಕ್ಕೆ ಇನ್ನೊಂದನ್ನು ದಂಡವಾಗಿ ಕಟ್ಟಿದಂತೆ. ಟ್ರಾನ್ಸ್ ಮಹಿಳೆ ವೀರ್ಯ ಇಟ್ಟರೂ ಮುಂದೆ ಒಂಟಿಯಾಗಿ ಅದನ್ನು ಬಳಸುವ ದಾರಿ ಇಲ್ಲ. ಅಂಡಾಣು ದಾನಿ ಬೇಕು, ಹೊರುವ ತಾಯಿ ಬೇಕು. ಕಾಯ್ದೆ ಎರಡನ್ನೂ ಕೊಡುವುದಿಲ್ಲ. ಮದುವೆಯಾದರೆ? ಟ್ರಾನ್ಸ್ ವ್ಯಕ್ತಿಗಳು ಗಂಡು–ಹೆಣ್ಣಿನ ಸಂಬಂಧದಲ್ಲಿದ್ದರೆ ಈಗಿರುವ ಕಾನೂನಿನಡಿಯೇ ಮದುವೆಯಾಗಬಹುದು ಎಂದು 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆ ದಂಪತಿ ಈ ಎರಡು ಕಾಯ್ದೆಗಳ ಅರ್ಥದಲ್ಲೂ ದಂಪತಿಯೇ ಎಂಬುದಕ್ಕೆ ಕಾಯ್ದೆಯ ಪಠ್ಯದಲ್ಲಿ ಉತ್ತರವಿಲ್ಲ. ಉತ್ತರ ಇಲ್ಲದ ಕಡೆ ಆಸ್ಪತ್ರೆಗಳು ಸುಮ್ಮನೆ ಬೇಡ ಎನ್ನುತ್ತವೆ. ತಪ್ಪಿದರೆ ದಂಡ, ಜೈಲು ಇರುವ ಕಾಯ್ದೆಯಲ್ಲವೇ?

ವಯಸ್ಸಿನ ಲೆಕ್ಕ ಇನ್ನೊಂದು. 18 ತುಂಬಿದವರು ತಮ್ಮ ಒಪ್ಪಿಗೆಯ ಮೇಲೆ ಹಾರ್ಮೋನ್ ಶುರು ಮಾಡಬಹುದು. ಎಆರ್‌ಟಿ ಸೇವೆಗೆ 21 ದಾಟಿರಬೇಕು. ನಡುವಿನ ಮೂರು ವರ್ಷ ಏನು ಮಾಡಬೇಕು? ಕಾಯುವುದು ಸುಲಭ ಎನ್ನುವವರು, ದಿನಾ ಕನ್ನಡಿಯಲ್ಲಿ ತನ್ನದಲ್ಲದ ಮುಖ ನೋಡುವ ಹದಿನೆಂಟರ ಹುಡುಗಿಯನ್ನು ಕೇಳಬೇಕು.

ಇನ್ನೂ ಒಂದು ಗಂಟಿದೆ. 2019ರ ಕಾಯ್ದೆ ಬಂದಾಗ ‘ಟ್ರಾನ್ಸ್‌ಜೆಂಡರ್’ ಎಂಬ ಗುರುತಿನ ಚೀಟಿಗೆ ವೈದ್ಯಕೀಯ ತಪಾಸಣೆ ಬೇಕಿರಲಿಲ್ಲ. ಆದರೆ ‘ಗಂಡು’ ಅಥವಾ ‘ಹೆಣ್ಣು’ ಎಂದು ಬದಲಿಸಲು 7ನೇ ಕಲಂ ಶಸ್ತ್ರಚಿಕಿತ್ಸೆಯ ಪ್ರಮಾಣಪತ್ರ ಕೇಳಿತು. 2020ರ ನಿಯಮಗಳು ಅದನ್ನು ಸ್ವಲ್ಪ ಸಡಿಲಿಸಿ ‘ವೈದ್ಯಕೀಯ ಚಿಕಿತ್ಸೆ’ ಎಂಬ ವಿಶಾಲ ಮಾತು ಬಳಸಿದವು. ಆದರೂ ಕಚೇರಿಯ ಮೇಜಿನ ಮುಂದೆ ನಿಂತವರಿಗೆ ‘ಆಪರೇಷನ್ ಆಗಿದೆಯಾ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಕಾಗದಕ್ಕಾಗಿ ಅವಸರದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಸಂತಾನದ ಮಾತು ಯೋಚಿಸುವಷ್ಟು ಪುರುಸೊತ್ತು ಎಲ್ಲಿಂದ ತರಬೇಕು?

ಬೇರೆ ದೇಶಗಳು ಈ ದಾರಿಯಲ್ಲಿ ನಡೆದು ಮರಳಿ ಬಂದಿವೆ. ಸ್ವೀಡನ್ 1972ರಲ್ಲೇ ಲಿಂಗ ಬದಲಾವಣೆಯನ್ನು ಕಾನೂನಿನಲ್ಲಿ ಒಪ್ಪಿತು, ಆದರೆ ಸಂತಾನಶಕ್ತಿ ತೆಗೆಸಿಕೊಂಡಿರಬೇಕು ಎಂಬ ಷರತ್ತಿನ ಮೇಲೆ. 2013ರಲ್ಲಿ ಆ ಷರತ್ತು ಹೋಯಿತು. 2018ರಲ್ಲಿ ಅದಕ್ಕೆ ಬಲಿಯಾದವರಿಗೆ ಪರಿಹಾರ ಕೊಡಲು ಸಂಸತ್ತು ಒಪ್ಪಿತು. ಜಪಾನಿನ ಸುಪ್ರೀಂ ಕೋರ್ಟ್ ಅಂಥದೇ ಷರತ್ತನ್ನು 2023ರ ಅಕ್ಟೋಬರ್‌ನಲ್ಲಿ ಸಂವಿಧಾನಬಾಹಿರ ಎಂದಿತು. ನಮ್ಮಲ್ಲಿ ಅಂಥ ಷರತ್ತು ಎಲ್ಲೂ ಬರೆದಿಲ್ಲ. ಒಂದು ಕಡೆ ಶಸ್ತ್ರಚಿಕಿತ್ಸೆಯ ಪ್ರಮಾಣಪತ್ರ ಕೇಳಿ, ಇನ್ನೊಂದು ಕಡೆ ಶೇಖರಣೆಯ ಬಾಗಿಲು ಮುಚ್ಚಿದರೆ ಬರೆಯದೆಯೂ ಅದೇ ಫಲ ಬರುತ್ತದೆ.

‘ಬೇಕಿದ್ದರೆ ಹಾಗೇ ಇರಬೇಕಿತ್ತು’

ಈ ವಿಷಯ ಎತ್ತಿದರೆ ಬರುವ ಮೊದಲ ಮಾತು ಗೊತ್ತಿರುವುದೇ. ‘ಗಂಡಸುತನ ಬೇಡ ಅಂದಮ್ಯಾಲ ಮಕ್ಕಳು ಯಾಕ ಬೇಕು? ಬೇಕಂದ್ರ ಹಾಂಗ ಇರಬೇಕಿತ್ತು.’

ಇದಕ್ಕೆ ಉತ್ತರ ನಮ್ಮ ಸೀಮೆಯಲ್ಲೇ ಇದೆ. ಹಿಜ್ರಾ ಪರಂಪರೆಯಲ್ಲಿ ‘ನಿರ್ವಾಣ’ಕ್ಕೆ ಇರುವ ಸ್ಥಾನ ಜೋಗಪ್ಪಗಳಲ್ಲಿ ಇಲ್ಲ. ದೇವಿ ಮೈಮೇಲೆ ಬಂದಳು, ಸೀರೆ ಉಟ್ಟರು, ಪಡ್ಡಲಗಿ ಹೊತ್ತರು. ದೇಹಕ್ಕೆ ಕತ್ತರಿ ಬೀಳಲೇಬೇಕೆಂದಿಲ್ಲ. ಮದುವೆಯಾಗಿ ಮಕ್ಕಳನ್ನು ಪಡೆದ ಜೋಗಪ್ಪಗಳೂ ಇದ್ದಾರೆ. ಆ ಮಕ್ಕಳು ನಮ್ಮ ಜೊತೆಗೇ ಶಾಲೆಗೆ ಬಂದು, ನಮ್ಮ ಹಾಗೇ ಹೊಲ ಮಾಡಿಕೊಂಡಿರುತ್ತಾರೆ. ಸೀರೆ ಉಟ್ಟವರು ತಂದೆಯೂ ಆಗಿರಬಹುದು ಎಂಬುದನ್ನು ನಮ್ಮ ಹಳ್ಳಿಗಳು ದೊಡ್ಡ ಚರ್ಚೆಯಿಲ್ಲದೆ ನುಂಗಿಕೊಂಡಿವೆ. ಇದನ್ನು ಬಣ್ಣ ಹಚ್ಚಿ ಹೇಳಬೇಕಾಗಿಲ್ಲ. ಆ ಮದುವೆಗಳಲ್ಲಿ ಒತ್ತಾಯದವು ಎಷ್ಟೋ, ಅದರಲ್ಲಿ ಬೆಂದ ಹೆಂಡತಿಯರೂ ಎಷ್ಟೋ. ಆದರೆ ಹೆಣ್ಣಿನ ಮನಸ್ಸು ಮತ್ತು ಮಗುವಿನ ಆಸೆ ಒಂದೇ ಎದೆಯಲ್ಲಿ ಇರಲಾರವು ಎಂಬ ವಾದಕ್ಕೆ ಮಾತ್ರ ಇಲ್ಲಿ ನೆಲೆ ಸಿಗುವುದಿಲ್ಲ.

ಕೇರಳದಲ್ಲೂ ಒಂದು ಉದಾಹರಣೆ ಇದೆ. 2023ರ ಫೆಬ್ರುವರಿ 8ರಂದು ಕೋಯಿಕ್ಕೋಡ್‌ನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಟ್ರಾನ್ಸ್ ಪುರುಷ ಝಹಾದ್ ಮಗುವನ್ನು ಹೆತ್ತರು. ಸಂಗಾತಿ ಝಿಯಾ ಟ್ರಾನ್ಸ್ ಮಹಿಳೆ. ಝಹಾದ್ ಎದೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು, ಗರ್ಭಕೋಶ ತೆಗೆಸಿರಲಿಲ್ಲ. ಹಾರ್ಮೋನ್ ನಿಲ್ಲಿಸಿ ಬಸಿರಾದರು. ಜನನ ಪ್ರಮಾಣಪತ್ರದಲ್ಲಿ ತಂದೆ, ತಾಯಿ ಎಂಬುದರ ಬದಲು ‘ಪೋಷಕರು’ ಎಂದು ನಮೂದಿಸಿಕೊಡಲು 2025ರ ಜೂನ್‌ನಲ್ಲಿ ಕೇರಳ ಹೈಕೋರ್ಟ್ ಆದೇಶಿಸಿತು. ಅವರಿಗೆ ಆ ಮಗು ಸಿಕ್ಕಿದ್ದು ಒಂದು ಅಂಗ ಉಳಿದಿದ್ದರಿಂದ. ಎಲ್ಲರಿಗೂ ಅಂಥ ಅವಕಾಶ ಇರುವುದಿಲ್ಲ.

ಎರಡನೇ ಮಾತು ಸರ್ಕಾರದ ದುಡ್ಡಿನದ್ದು. ಕ್ಯಾನ್ಸರ್ ಬಂದ ಯುವಕನಿಗೆ ಕಿಮೊಥೆರಪಿಗಿಂತ ಮೊದಲು ವೀರ್ಯ ಇಡಿಸಿಕೋ ಎಂದು ಒಳ್ಳೆಯ ಡಾಕ್ಟರು ಹೇಳುತ್ತಾರೆ. ‘ಜೀವ ಉಳಿದರೆ ಸಾಕು, ಮಕ್ಕಳ ಚಿಂತೆ ಯಾಕೆ’ ಎಂದು ಯಾರೂ ಜರೆಯುವುದಿಲ್ಲ. ಚಿಕಿತ್ಸೆ ಸಂತಾನಶಕ್ತಿಯನ್ನು ಕಸಿಯುವುದಾದರೆ ಅದನ್ನು ಉಳಿಸುವ ಕೆಲಸವೂ ಚಿಕಿತ್ಸೆಯ ಭಾಗ ಎಂಬುದು ಅಲ್ಲಿನ ತರ್ಕ. ಅದೇ ತರ್ಕ ಇಲ್ಲಿ ಯಾಕೆ ಬದಲಾಗಬೇಕು? 2022ರಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಅಡಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ವಿಮೆ ಪ್ರಕಟಿಸಿತು, ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆಯನ್ನೂ ಸೇರಿಸಿ. ಲಕ್ಷಗಟ್ಟಲೆ ಖರ್ಚಿನ ಶಸ್ತ್ರಚಿಕಿತ್ಸೆಗೆ ಹಣ ಕೊಡುವ ಯೋಜನೆಗೆ ಸಾವಿರಗಳಲ್ಲಿ ಮುಗಿಯುವ ವೀರ್ಯ ಶೇಖರಣೆ ಭಾರವೇನೂ ಆಗದು.

ಮೂರನೇ ಮಾತನ್ನು ನಾನೇ ಎತ್ತುತ್ತೇನೆ. ಎಲ್ಲ ಟ್ರಾನ್ಸ್ ವ್ಯಕ್ತಿಗಳಿಗೂ ಮಕ್ಕಳು ಬೇಕಿಲ್ಲ. ಬೇಕಾದವರಲ್ಲೂ ದತ್ತು ಪಡೆಯುವ ಆಸೆಯವರಿದ್ದಾರೆ, ತಮ್ಮ ಬಳಗದ ಕಿರಿಯರನ್ನೇ ಮಕ್ಕಳೆಂದು ಸಾಕುವವರಿದ್ದಾರೆ. ‘ಮೊದಲು ವೀರ್ಯ ಇಡು, ಆಮೇಲೆ ಹಾರ್ಮೋನ್’ ಎಂದು ಷರತ್ತು ಹಾಕಿದರೆ ಅದು ಇನ್ನೊಂದು ಬೇಲಿಯಾಗುತ್ತದೆ. ಮನೆಯವರು ‘ಮೊದಲೊಂದು ಮದುವಿ ಆಗಿ ಮಮ್ಮಗನ್ನ ಕೊಡು’ ಎಂದು ಹಿಡಿದು ಕೂರುವುದಕ್ಕೂ ಡಾಕ್ಟರು ಹಾಗೆ ಹಟ ಹಿಡಿಯುವುದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಆದ್ದರಿಂದ ಇಲ್ಲಿ ಕೇಳುತ್ತಿರುವುದು ತಿಳಿಸಿ ಹೇಳುವುದನ್ನು, ಆಯ್ಕೆ ಇಟ್ಟು ಸುಮ್ಮನಾಗುವುದನ್ನು. ಬೇಡ ಎಂದವರ ‘ಬೇಡ’ವೂ ಗೊತ್ತಿದ್ದು ಹೇಳಿದ ಬೇಡವಾಗಿರಬೇಕು.

ಏನಾಗಬೇಕು?

ದೊಡ್ಡದು ಸಂಸತ್ತಿನ ಕೆಲಸ. ಎಆರ್‌ಟಿ ಕಾಯ್ದೆಯಲ್ಲಿ ‘ದಂಪತಿ’, ‘ಮಹಿಳೆ’ ಎಂಬ ಪದಗಳ ಜೊತೆ ಟ್ರಾನ್ಸ್‌ಜೆಂಡರ್ ವ್ಯಕ್ತಿಯೂ ಸೇರಬೇಕು. ಅದಕ್ಕಿಂತ ಮೊದಲು ಆಗಬಹುದಾದ ಒಂದು ಕೆಲಸವಿದೆ. ಆ ಕಾಯ್ದೆ ವ್ಯಾಖ್ಯಾನಿಸುವ ತಂತ್ರಜ್ಞಾನ ಎಂದರೆ ದೇಹದ ಹೊರಗೆ ವೀರ್ಯ, ಅಂಡಾಣುಗಳನ್ನು ನಿಭಾಯಿಸಿ ಮಹಿಳೆಯ ಗರ್ಭಕ್ಕೆ ಸೇರಿಸಿ ಬಸಿರು ತರುವ ಯತ್ನ. ತನ್ನ ಅಂಡಾಣುವನ್ನು ತನಗಾಗಿ ಇಟ್ಟುಕೊಳ್ಳುವುದು ಇನ್ನೂ ಆ ಯತ್ನವಲ್ಲ. ಇಡುವುದು ಬೇರೆ, ಬಳಸುವುದು ಬೇರೆ. ಬಳಸುವ ಪ್ರಶ್ನೆ ಬಂದಾಗ ಅಂದಿನ ಕಾನೂನು ನೋಡಿಕೊಳ್ಳಲಿ, ಇಡುವುದಕ್ಕೆ ಅಡ್ಡಿ ಬೇಡ ಎಂದು ಕೇಂದ್ರ ಒಂದು ಸ್ಪಷ್ಟನೆ ಹೊರಡಿಸಬಹುದು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ, ಕಾಯ್ದೆ ಜಾರಿಗೆ ಮೊದಲೇ ಭ್ರೂಣ ಇಟ್ಟಿದ್ದ ದಂಪತಿಗಳಿಗೆ ಕಾಯ್ದೆಯ ವಯೋಮಿತಿ ಅನ್ವಯಿಸದು ಎಂದಿತು. ಮುಂದಿನ ಬದುಕಿಗೆಂದು ಇಟ್ಟುಕೊಂಡದ್ದನ್ನು ಕಾನೂನು ನಡುದಾರಿಯಲ್ಲಿ ಕಸಿಯಬಾರದು ಎಂಬ ಭಾವ ಅದರಲ್ಲಿದೆ. ಅದು ಟ್ರಾನ್ಸ್ ವ್ಯಕ್ತಿಗಳ ಪ್ರಕರಣವಲ್ಲ, ಆದರೆ ಅವರ ಪರ ವಾದಿಸುವವರಿಗೆ ಉಪಯೋಗಕ್ಕೆ ಬರುವ ತೀರ್ಪು.

ರಾಜ್ಯದ ಕೆಲಸ ಇನ್ನೂ ಹತ್ತಿರದ್ದು. ಕರ್ನಾಟಕ 2017ರಲ್ಲೇ ಟ್ರಾನ್ಸ್‌ಜೆಂಡರ್ ನೀತಿ ತಂದಿತು. 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಶೇ 1ರಷ್ಟು ಮೀಸಲಾತಿ ಕೊಟ್ಟ ಮೊದಲ ರಾಜ್ಯವಾಯಿತು. 2011ರ ಜನಗಣತಿಯ ‘ಇತರೆ’ ಕಾಲಂನಲ್ಲಿ ರಾಜ್ಯದ 20,266 ಜನರಿದ್ದರು. ಹೇಳಿಕೊಳ್ಳದವರ ಲೆಕ್ಕ ಬೇರೆ. ಇಷ್ಟು ಜನರಿಗಾಗಿ ಕನ್ನಡದಲ್ಲಿ ಎರಡು ಪುಟದ ಒಂದು ತಿಳಿವಳಿಕೆ ಪತ್ರ ಸಾಕು. ಯಾವ ಔಷಧದಿಂದ ಏನಾಗುತ್ತದೆ, ಏನು ಮರಳಿ ಬರಬಹುದು, ಏನು ಬರುವುದಿಲ್ಲ, ಇಡಬೇಕೆಂದರೆ ಎಲ್ಲಿಗೆ ಹೋಗಬೇಕು, ಎಷ್ಟು ಖರ್ಚು. ಹಾರ್ಮೋನ್ ಬರೆಯುವ ಪ್ರತಿ ಡಾಕ್ಟರ ಮೇಜಿನ ಮೇಲೆ ಅದು ಇರಬೇಕು. ಓದಿ ಹೇಳಿದ ಮೇಲೆ ಸಹಿ ಆಗಬೇಕು. ವೀರ್ಯ, ಅಂಡಾಣು ಶೇಖರಣೆಯನ್ನು ವಿಮೆಯ ಪಟ್ಟಿಯಲ್ಲಿ ಹೆಸರಿಟ್ಟು ಸೇರಿಸಬೇಕು. ಮುಂಡರಗಿಯಿಂದ ಗದಗ ಸುಮಾರು 40 ಕಿ.ಮೀ., ಅಲ್ಲಿಂದ ಹುಬ್ಬಳ್ಳಿ ಇನ್ನೂ 60. ಹಾರ್ಮೋನ್ ತಜ್ಞರು, ಮನೋವೈದ್ಯರು, ಸಂತಾನ ತಜ್ಞರು ಒಂದೇ ಸೂರಿನಡಿ ಕೂರುವ ಒಂದು ದಿನವನ್ನು ತಿಂಗಳಿಗೊಮ್ಮೆ ಹುಬ್ಬಳ್ಳಿಯ ಕಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ಗೊತ್ತು ಮಾಡಿದರೂ ಬೆಂಗಳೂರಿನ ರಾತ್ರಿ ಬಸ್ಸು ತಪ್ಪುತ್ತದೆ.

ಗೆಳತಿಗೆ ನಾನು ಇಷ್ಟನ್ನೂ ಹೇಳಿದೆ. ಕಾಯ್ದೆಯ ಗೊಂದಲ ಬಗೆಹರಿಯುವವರೆಗೆ ಕಾಯುವುದೋ ಬಿಡುವುದೋ ಅವಳ ತೀರ್ಮಾನ. ಅವಳು ಗುಳಿಗೆ ಶುರು ಮಾಡುವ ದಿನವನ್ನು ಮೂರು ವಾರ ಮುಂದೂಡಿದ್ದಾಳೆ. ಆ ಮೂರು ವಾರದಲ್ಲಿ ಎರಡು ಕಡೆ ಹೋಗಿ ಕೇಳಿ ಬರುತ್ತಾಳಂತೆ. ಅಲ್ಲಿ ಅವರು ಹೌದೆನ್ನಲಿ, ಅಲ್ಲವೆನ್ನಲಿ, ಬರಹದಲ್ಲಿ ಕೊಡಿ ಎಂದು ಕೇಳು ಎಂದಿದ್ದೇನೆ.

ಕಾನೂನು ಬದಲಾಗಲು ವರ್ಷಗಳು ಹಿಡಿಯಬಹುದು. ಡಾಕ್ಟರೊಬ್ಬರು ಚೀಟಿ ಬರೆಯುವ ಮೊದಲು ಪೆನ್ನು ಕೆಳಗಿಟ್ಟು, ‘ಮುಂದೆ ಮಕ್ಕಳ ವಿಚಾರ ಏನಮ್ಮ?’ ಎಂದು ಕೇಳಲು ಯಾವ ತಿದ್ದುಪಡಿಯೂ ಬೇಕಿಲ್ಲ. ಹತ್ತು ನಿಮಿಷದ ಮಾತು ಅದು. ನಾಳೆ ಬೆಳಗಿನ ಓಪಿಡಿಯಿಂದಲೇ ಶುರು ಮಾಡಬಹುದು.